ಅರಳೆಯೊಳಗಿನ ಆದಾಯ

ಇದನ್ನು ಪೂರ್ತಿ ಕೇಳಿ. ಅರ್ಧಕ್ಕೇ ಎದ್ದು ಹೋದವರೆಲ್ಲ ತಪ್ಪು ಇಂಥವರದೇ ಅಂತ ತೀರ್ಮಾನ ಮಾಡಿ, ಹಾಸಿಗೆಯಕ್ಕನನ್ನು ಬೈದೋ ಹೊಗಳಿಯೋ ಮನೆಗೆ ಹೋಗಿ ಮಲಗಿದ್ದಾರೆ. ಬೈಯುವುದಾದರೆ ಬೈಯಿರಿ, ಯಾರು ಬೇಡ ಅಂದರು, ಆದರೆ ಕೊನೆವರೆಗೂ ಕೇಳಿಸಿಕೊಂಡು ಬೈಯಿರಿ.

ಹಾಸಿಗೆಯಕ್ಕ ಅಂದರೆ ಹಳೇ ಹಾಸಿಗೆ ಬಿಚ್ಚಿ, ಒಳಗೆ ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವವಳು. ಬೀದಿಯ ತಿರುವಿನಲ್ಲಿ ಅವಳ ಅಂಗಡಿ. ಮುಂದೆ ಹೊಲಿಗೆ ಹಾಸು, ಹಿಂದೆ ಹತ್ತಿ ಹಿಂಜುವ ಯಂತ್ರ, ಮೇಲೆ ಒಂದೇ ಒಂದು ಗಾಜಿನ ಹೆಂಚು. ಯಂತ್ರ ತಿರುಗಲು ಶುರುವಾದರೆ ಆ ಗಾಜಿನಿಂದ ಇಳಿದ ಬಿಸಿಲಿನ ಕೋಲಿನೊಳಗೆ ಅರಳೆ ಏಳುತ್ತದೆ, ಎದ್ದು ಕೆಳಗೂ ಬೀಳದೆ ಮೇಲೂ ಹೋಗದೆ ಅಲ್ಲೇ ಯೋಚನೆ ಮಾಡುತ್ತಾ ನಿಂತುಬಿಡುತ್ತದೆ. ಅಂಗಡಿಗೆ ಬಂದವರು ಮಾತು ಮರೆಯುತ್ತಾರೆ. ರೇಟು ಚೌಕಾಸಿ ಮಾಡಬೇಕೆಂದು ಬಂದವರು ಕೂಡ ಆಕಳಿಸಿ, ಅಕ್ಕ ಹೇಳಿದ್ದಕ್ಕೇ ಒಪ್ಪಿ ಹೋಗುತ್ತಾರೆ.

ಅವಳ ತಮ್ಮ ಹೊಲಿಗೆ ಹಾಕುತ್ತಾನೆ. ಕೈ ನಿಧಾನ, ಬಾಯಿ ಜೋರು. ಅಕ್ಕನದು ತದ್ವಿರುದ್ಧ.

ಅಕ್ಕನಿಗೆ ಒಂದು ನಂಬಿಕೆ ಇತ್ತು. ಮಲಗಿದವರ ಕನಸು ಹತ್ತಿಯಲ್ಲಿ ಉಳಿದುಕೊಳ್ಳುತ್ತದೆ, ಹಿಂಜುವಾಗ ಧೂಳಿನ ಜೊತೆ ಹೊರಗೆ ಬರುತ್ತದೆ, ಮೂಗಿಗೆ ಹತ್ತುತ್ತದೆ, ಮಧ್ಯಾಹ್ನ ಊಟ ಮಾಡಿ ಅರಳೆ ರಾಶಿಯ ಮೇಲೆ ಒರಗಿದಾಗ ಕಣ್ಣೊಳಗೆ ಇಳಿಯುತ್ತದೆ. ತಮ್ಮ ನಗುತ್ತಿದ್ದ. ಅವನಿಗೆ ಮೂಗಿಗೆ ಹತ್ತಿದ್ದೆಲ್ಲ ಸೀನಾಗಿಯೇ ಹೋಗುತ್ತಿತ್ತು.

ಆ ಅಂಗಡಿಯ ಕಟ್ಟುಪಾಡು ಒಂದೇ: ಹತ್ತಿಯಲ್ಲಿ ಸಿಕ್ಕಿದ್ದು ಹತ್ತಿಗೇ. ಅಪ್ಪನ ಕಾಲದಿಂದ ಬಂದಿದ್ದು. ಹಾಸಿಗೆಯ ಮೂಲೆಯಲ್ಲಿ ಜನ ಏನೇನೋ ಇಡುತ್ತಾರೆ. ಉಂಗುರ, ಕಾಗದ, ಹೆಚ್ಚಾಗಿ ನೋಟಿನ ಸುರುಳಿ. ಗಂಡನಿಂದ, ಹೆಂಡತಿಯಿಂದ, ಮಕ್ಕಳಿಂದ ಬಚ್ಚಿಟ್ಟಿದ್ದು. ಹಾಸಿಗೆ ಹಿಂಜಲು ಕೊಡುವಾಗ ಅದನ್ನು ತೆಗೆದಿಟ್ಟುಕೊಂಡು ಎಲ್ಲಿ ಇಡುತ್ತಾರೆ ಪಾಪ, ಹಾಸಿಗೆಯೊಂದೇ ಅವರ ಸ್ವಂತ ಜಾಗ. ಹಾಗೇ ಕೊಡುತ್ತಾರೆ. ಅಕ್ಕ ಅದನ್ನು ಬಿಚ್ಚಬಾರದು, ಎಣಿಸಬಾರದು, ಯಾರ ಹತ್ತಿರವೂ ಆಡಬಾರದು, ಇಟ್ಟವರ ಹತ್ತಿರವೂ ಆಡಬಾರದು. ಹತ್ತಿ ಹಿಂಜಿ ಅದೇ ಮೂಲೆಗೆ ಇಟ್ಟು ಹೊಲಿಯಬೇಕು. ಮುಂದಿನ ಸಲ ದಬ್ಬಳ ಚುಚ್ಚಿ ಹಾಳಾಗದಿರಲಿ ಅಂತ ಆ ಮೂಲೆಗೆ ಕೆಂಪು ದಾರದ ಒಂದು ಗಂಟು. ಅಷ್ಟೇ.

ಎಂಥ ಒಳ್ಳೆಯ ಗಂಟು ಅನ್ನುತ್ತೀರಿ. ಆ ಗಂಟೇ ಮುಳುವಾಯಿತು.

ಒಂದು ಮಧ್ಯಾಹ್ನ ಮೂವರು ಪೊಲೀಸರು ಬಂದರು. ಒಬ್ಬ ಮೀಸೆಯವನು, ಒಬ್ಬ ಕನ್ನಡಕದವನು, ಒಬ್ಬ ಒಳಗೆ ಕಾಲಿಟ್ಟ ಗಳಿಗೆಯಿಂದ ಸೀನುತ್ತಲೇ ಇದ್ದವನು. ಎಲ್ಲೋ ಒಡವೆ ಕಳುವಾಗಿದೆಯಂತೆ, ಯಾವುದೋ ಹಾಸಿಗೆಯಲ್ಲಿ ಅಡಗಿಸಿದ್ದಾರೆಂದು ಸುಳಿವು ಬಂದಿದೆಯಂತೆ, ಹುಡುಕಬೇಕಂತೆ. ಹುಡುಕಿ ಅಂತ ಅಕ್ಕ ಪಕ್ಕಕ್ಕೆ ಸರಿದಳು. ಮೀಸೆಯವನು ಚಾಕು ತೆಗೆದು ಎರಡು ಹಾಸಿಗೆ ಸೀಳಿದ, ಏನೂ ಇಲ್ಲ. ಮೂರನೆಯದರಲ್ಲಿ ನೋಟಿನ ಸುರುಳಿ ಉದುರಿತು. ಕನ್ನಡಕದವನು ಬಗ್ಗಿ ಮೂಲೆಯ ಗಂಟು ನೋಡಿದ. ಆಮೇಲೆ ಬೇರೆ ಹಾಸಿಗೆಗಳ ಮೂಲೆ ನೋಡಿದ. ಆಮೇಲೆ ಚಾಕು ಕೆಂಪು ಗಂಟು ಇದ್ದಲ್ಲಿಗೆ ಮಾತ್ರ ಹೋಯಿತು.

ಅಂಗಡಿ ತುಂಬಾ ಅರಳೆ ಎದ್ದಿತ್ತು. ಅದರೊಳಗೆ ಮೂರು ಖಾಕಿ ಬಟ್ಟೆಗಳು ನೀರಿನೊಳಗೆ ನಡೆದ ಹಾಗೆ ಮೆಲ್ಲಗೆ ಓಡಾಡುತ್ತಿದ್ದವು, ಅವರ ಹುಬ್ಬಿನ ಮೇಲೆ ಮೀಸೆಯ ಮೇಲೆ ಬಿಳಿ ಕೂತು ಮೂವರೂ ಒಂದೇ ಸಲಕ್ಕೆ ಮುದುಕರಾದಂತೆ ಕಾಣುತ್ತಿದ್ದರು. ಅಕ್ಕನಿಗೆ ಇದು ಯಾರೋ ಗಿರಾಕಿಯ ಕನಸಿರಬೇಕು ಅನ್ನಿಸಿತು. ಸೀನುವವನು ಅವಳ ಮುಂದೆ ಒಂದು ಕಾಗದ ಹಿಡಿದು ಸಹಿ ಮಾಡಿಸಿಕೊಂಡ. ‘ಹತ್ತಿಯ ಹೊರತು ಏನೂ ಸಿಗಲಿಲ್ಲ’ ಅಂತ ಬರೆದಿತ್ತು. ಮೂರು ಹಾಸಿಗೆಗಳಲ್ಲಿ ಸಿಕ್ಕ ಮೂರು ಸುರುಳಿ ಮೂರು ಜೇಬಿಗೆ ಹೋದವು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು. ಮೇಲಿನ ಅಧಿಕಾರಿಗಳಿಗೆ ದೂರು ಕೊಡೋಣ ಅಂತ ತಮ್ಮ ಕುಣಿದ. ಕೊಟ್ಟರೆ ದುಡ್ಡು ಯಾರದು ಅನ್ನುತ್ತಾರೆ, ಆಗ ಹೆಸರು ಹೇಳಬೇಕು. ಅಕ್ಕ ಸೀಳಿದ ಬಟ್ಟೆಗೆ ತೇಪೆ ಹಾಕಲು ಕೂತಳು.

ಆ ಮೂರು ಹಾಸಿಗೆ ಯಾರವು ಅಂದರೆ, ಒಂದು ಗಡಿಯಾರ ರಿಪೇರಿಯವನ ತಾಯಿಯದು, ಬೀದಿಗೆಲ್ಲ ಅಜ್ಜಿ. ಇನ್ನೊಂದು ನಿವೃತ್ತ ಮೇಷ್ಟ್ರದು. ಮೂರನೆಯದು ಸಾಬೂನಂಗಡಿಯ ಸೊಸೆಯದು. ಯಾಕೆ ಬಚ್ಚಿಟ್ಟಿದ್ದಾರೆಂದು ಅವರು ಯಾರೂ ಹೇಳಿದವರಲ್ಲ. ಅಕ್ಕನಿಗೆ ಗೊತ್ತಿದ್ದುದೆಲ್ಲ ಆ ಹತ್ತಿ ಹೇಳಿದ್ದು. ಅಜ್ಜಿಯ ಹತ್ತಿ ಹಿಂಜಿದ ದಿನ ಅಕ್ಕನ ಕನಸಿನಲ್ಲಿ ಒಂದು ಶವಯಾತ್ರೆ ಹೋಗುತ್ತಿತ್ತು, ಅದರ ಹಿಂದೆ ಅಜ್ಜಿಯೇ ನಡೆಯುತ್ತಾ, ಖರ್ಚೆಲ್ಲ ನನ್ನದೇ, ಯಾರೂ ಮುಖ ಸಿಂಡರಿಸಬೇಡಿ ಅಂತ ದಾರಿಯಲ್ಲಿ ಸಿಕ್ಕವರಿಗೆಲ್ಲ ಗತ್ತಿನಿಂದ ಹೇಳುತ್ತಿದ್ದಳು. ಮೇಷ್ಟ್ರ ಹತ್ತಿಯಲ್ಲಿ ನಕ್ಷತ್ರ. ಎಷ್ಟು ನಕ್ಷತ್ರ ಅಂದರೆ ಅಕ್ಕ ಎದ್ದ ಮೇಲೂ ಕೂದಲು ಕೊಡವಿಕೊಂಡಳು. ಮೇಷ್ಟ್ರು ಒಂದು ದುರ್ಬೀನಿಗೆ ಆಸೆಪಟ್ಟಿದ್ದಾರೆ, ಹೆಂಡತಿಗೆ ಗೊತ್ತಾದರೆ ಹಗಲಲ್ಲೇ ನಕ್ಷತ್ರ ತೋರಿಸುತ್ತಾಳೆ ಅಂತ ಬೀದಿಯೂ ಆಡಿಕೊಳ್ಳುತ್ತಿತ್ತು. ಸೊಸೆಯ ಹತ್ತಿಯಲ್ಲಿ ಮಾತ್ರ ಯಾರೂ ಇರಲಿಲ್ಲ. ಒಂದು ಬಸ್ಸು, ಬಾಗಿಲು ತೆರೆದಿದೆ, ಇಂಜಿನ್ನು ಗುರುಗುಡುತ್ತಿದೆ, ಕಿಟಕಿ ಪಕ್ಕ ಒಂದು ಸೀಟು ಖಾಲಿ. ಅಷ್ಟೇ. ಅವಳ ಗಂಡನ ಕೈ ಎಂಥದು ಅಂತ ಆ ಬೀದಿಯ ಗೋಡೆಗಳಿಗೂ ಗೊತ್ತಿತ್ತು, ಗೋಡೆಗಳ ಹಾಗೇ ಎಲ್ಲರೂ ಸುಮ್ಮನಿದ್ದರು.

ಪೊಲೀಸರು ಬಂದು ಹೋಗಿದ್ದನ್ನು ಬೀದಿಯೆಲ್ಲ ನೋಡಿದೆ. ಈಗ ಆ ಮೂವರು ಗಿರಾಕಿಗಳು ತಮ್ಮ ಹಾಸಿಗೆ ಕೇಳಬೇಕು, ಒಳಗಿದ್ದುದನ್ನು ಕೇಳುವ ಹಾಗಿಲ್ಲ. ಅಕ್ಕ ಕೊಡಬೇಕು, ಒಳಗಿಲ್ಲ ಅನ್ನುವ ಹಾಗಿಲ್ಲ. ಹತ್ತಿ ಇನ್ನೂ ಬಿಸಿಲು ಕಂಡಿಲ್ಲ ಅಂದಳು, ಬಟ್ಟೆ ಬಂದಿಲ್ಲ ಅಂದಳು. ಮೂವರಿಗೂ ಅಂಗಡಿಯ ಹಾಸಿಗೆ ಎರವಲು ಕೊಟ್ಟು ಕಳಿಸಿದಳು. ಮೂವರಿಗೂ ನಿದ್ದೆ ಕೆಟ್ಟಿತು. ಅಜ್ಜಿ ಕೋಲೂರಿಕೊಂಡು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂರುವುದು ಅಭ್ಯಾಸವಾಯಿತು.

“ಏನಮ್ಮಾ, ನನ್ ಹಾಸಿಗೆ ಹೇಗಿದೆ?” ಅನ್ನುತ್ತಿದ್ದಳು, ಆಸ್ಪತ್ರೆಯಲ್ಲಿರುವವರನ್ನು ವಿಚಾರಿಸಿದಂತೆ.

“ಇದೆ ಅಜ್ಜಿ. ಮೂಲೆ ಸ್ವಲ್ಪ ತಗ್ಗಿದೆ, ಸರಿ ಮಾಡ್ತಿದ್ದೀನಿ.”

“ತಗ್ಗಿದೆಯಾ,” ಅಂದು ಅಜ್ಜಿ ಅರಳೆ ನೋಡುತ್ತಿದ್ದಳು. “ನಿಧಾನಕ್ಕೆ ಮಾಡು. ನಂಗೇನೂ ಅವಸರ ಇಲ್ಲ. ಇದ್ರೂ ಅದು ನನ್ ಕೈಲಿಲ್ಲ.”

ಹೀಗೆ ಕೆಲವು ತಿಂಗಳು ಕಳೆದ ಮೇಲೆ ಆ ಮೂವರು ಪೊಲೀಸರಿಗೇ ಹಂಚಿಕೆಯಲ್ಲಿ ಜಗಳವಾಯಿತು. ಅವರು ಹೊಕ್ಕ ಅಂಗಡಿ, ಮನೆ ಒಂದೆರಡಲ್ಲ. ಸೀನುವವನು ಮುನಿಸಿಕೊಂಡು ಎಲ್ಲವನ್ನೂ ಬಾಯಿಬಿಟ್ಟ. ಕೋರ್ಟಿನಲ್ಲಿ ಹಾಸಿಗೆ ಅಂಗಡಿಯ ಮಾತೂ ಬಂತು. ಎಷ್ಟು ತಗೊಂಡಿರಿ ಅಂದರೆ ಮೂವರು ಮೂರು ಲೆಕ್ಕ ಹೇಳಿದರು. ಖರ್ಚಾಗಿ ಉಳಿದ ನೋಟು ಕೋರ್ಟಿನ ವಶಕ್ಕೆ ಬಂತು. ಬೀದಿಗೆಲ್ಲ ತಮ್ಮ ಟೀ ಕುಡಿಸಿದ. ಸತ್ಯಕ್ಕೆ ಸಾವಿಲ್ಲ ಅಂದ.

ಆ ಟೀ ಗ್ಲಾಸು ತೊಳೆದಿಡುವ ಮೊದಲೇ ತೆರಿಗೆ ಕಚೇರಿಯಿಂದ ನೋಟೀಸು ಬಂತು. ನಿಮ್ಮ ಅಂಗಡಿಯಲ್ಲಿ ಇಷ್ಟು ನಗದು ಇತ್ತೆಂದು ಕೋರ್ಟಿನಲ್ಲಿ ಹೇಳಿಕೆಯಾಗಿದೆ, ನೀವು ಅದನ್ನು ಯಾವತ್ತೂ ಆದಾಯವೆಂದು ತೋರಿಸಿಲ್ಲ, ಆದ್ದರಿಂದ ತೆರಿಗೆ, ತಡವಾದ್ದಕ್ಕೆ ಬಡ್ಡಿ, ಮುಚ್ಚಿಟ್ಟಿದ್ದಕ್ಕೆ ದಂಡ. ಕದ್ದವರು ಹೇಳಿದ ಮೂರು ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ಆರಿಸಿಕೊಂಡಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು.

ತೆರಿಗೆ ಸಾಹೇಬರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಕಾಗದಗಳ ಮೇಲೆ ಕಲ್ಲು ಇಟ್ಟಿದ್ದರು, ಆದರೂ ಅವು ಒಂದು ಅಂಚು ಎತ್ತಿ ಎತ್ತಿ ನೋಡುತ್ತಿದ್ದವು. ಸಾಹೇಬರು ಕೆಟ್ಟವರಲ್ಲ. ನಿದ್ದೆಗೆಟ್ಟ ಕಣ್ಣು, ಕುತ್ತಿಗೆ ಒಂದು ಕಡೆ ವಾಲಿದೆ. ದಿಂಬು ಸರಿಯಿಲ್ಲ ಅಂತ ಅಕ್ಕ ಮನಸ್ಸಿನಲ್ಲೇ ಅಂದುಕೊಂಡಳು.

ತಮ್ಮ ಕೂರುವ ಮೊದಲೇ ಶುರುಮಾಡಿದ. ಕದ್ದವರನ್ನು ಬಿಟ್ಟು ಕಳಕೊಂಡವರ ಹತ್ತಿರ ತೆರಿಗೆ ಕೇಳುವ ನ್ಯಾಯ ಯಾವುದು ಸಾರ್ ಅಂದ. ಅವರನ್ನೂ ಬಿಟ್ಟಿಲ್ಲ, ಕದ್ದದ್ದು ಅವರ ಕೈಯಲ್ಲಿ ಅವರ ಆದಾಯ, ಅವರಿಗೂ ನೋಟೀಸು ಹೋಗಿದೆ ಅಂತ ಸಾಹೇಬರು ತಣ್ಣಗೆ ಹೇಳಿದರು.

“ಅಂದ್ರೆ ಒಂದೇ ದುಡ್ಡಿಗೆ ಎರಡು ಸಲ?”

“ದುಡ್ಡು ಒಂದೇ. ಕೈ ಬೇರೆ ಬೇರೆ.”

“ಹಾಗಾದ್ರೆ ನಾಳೆ ಅವರ ಮನೇಲಿ ಇನ್ಯಾರಾದ್ರೂ ಕದ್ರೆ ನಿಮ್ಮ ಇಲಾಖೆಗೆ ಹಬ್ಬ ಅನ್ನಿ,” ಅಂದ ತಮ್ಮ. ಅಕ್ಕ ಅವನ ಕಾಲು ತುಳಿದಳು.

ಸಾಹೇಬರಿಗೆ ನಗು ಬಂದರೂ ತೋರಿಸಲಿಲ್ಲ. ಅಕ್ಕನ ಕಡೆ ತಿರುಗಿ ಬಿಡಿಸಿ ಹೇಳಿದರು. ದಾರಿ ಮೂರಿವೆ. ದುಡ್ಡು ಇಂಥಿಂಥವರದು ಅಂತ ಹೆಸರು ಕೊಟ್ಟರೆ ಅವರವರ ಮನೆ ವಿಳಾಸಕ್ಕೆ ನೋಟೀಸು ಹೋಗುತ್ತದೆ, ಅಕ್ಕ ಬಚಾವು. ನನ್ನದಲ್ಲ, ಯಾರದೋ ಗೊತ್ತಿಲ್ಲ ಅಂತ ಬರೆದುಕೊಟ್ಟರೂ ಅಕ್ಕ ಬಚಾವು, ಆದರೆ ಕೋರ್ಟಿನಲ್ಲಿರುವ ದುಡ್ಡು ವಾರಸುದಾರರಿಲ್ಲದ್ದು ಅಂತ ಸರ್ಕಾರಕ್ಕೆ ಸೇರುತ್ತದೆ. ನನ್ನದೇ ಅಂತ ಒಪ್ಪಿಕೊಂಡರೆ ತೆರಿಗೆ, ಬಡ್ಡಿ, ದಂಡ ಮೊದಲು ಕಟ್ಟಬೇಕು, ಆಮೇಲೆ ಕೋರ್ಟಿನಲ್ಲಿ ಉಳಿದದ್ದು ಅವಳ ಕೈಗೆ ಬರುತ್ತದೆ.

“ಎಷ್ಟಿತ್ತು ಅಂತ ನೀವೇ ಹೇಳಿಬಿಡಿ,” ಅಂದರು. “ಕಡಿಮೆ ಇದ್ರೆ ಕಡಿಮೆ ಬರೀತೀನಿ.”

“ಎಣಿಸಿಲ್ಲ ಸಾರ್.”

“ಎಣಿಸದೇ ಯಾರಾದ್ರೂ ದುಡ್ಡು ಇಟ್ಕೋತಾರಾ ತಾಯಿ? ಗುರುತಿಗೆ ಗಂಟು ಬೇರೆ ಹಾಕಿದ್ದೀರಿ. ಗಂಟು ಹಾಕಿದವರಿಗೆ ಒಳಗೇನಿದೆ ಅಂತ ಗೊತ್ತಿರಲ್ವಾ? ಏನೂ ಇರಲಿಲ್ಲ ಅಂತ ನಿಮ್ಮದೇ ಸಹಿ ಇದೆ, ಇತ್ತು ಅಂತ ಕಳ್ಳರು ಹೇಳ್ತಾರೆ. ನನ್ನ ಗ್ರಹಚಾರ ನೋಡಿ, ನಾನು ಕಳ್ಳರನ್ನೇ ನಂಬಬೇಕಾಗಿದೆ.”

ಯೋಚಿಸಿ ಬರುತ್ತೇನೆ ಅಂತ ಅಕ್ಕ ಎದ್ದಳು. ದಾರಿಯಲ್ಲಿ ತಮ್ಮ ಲೆಕ್ಕ ಹಾಕಿದ. ಅಷ್ಟು ಕಟ್ಟಲು ಯಂತ್ರ ಮಾರಬೇಕು. ಯಂತ್ರ ಹೋದರೆ ಅಟ್ಟದ ಮೇಲಿರುವ ಅಪ್ಪನ ಹಿಂಜುವ ಬಿಲ್ಲನ್ನು ಇಳಿಸಬೇಕು, ದಿನಕ್ಕೆ ಒಂದು ಹಾಸಿಗೆಯೂ ಆಗುವುದಿಲ್ಲ. ನನ್ನದಲ್ಲ ಅಂತ ಒಂದು ಸಾಲು ಬರೆದುಕೊಟ್ಟರೆ ಮುಗಿಯಿತು, ಅದು ಸುಳ್ಳೂ ಅಲ್ಲ. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಅಕ್ಕ. ನೀನು ಊರವರ ಹಾಸಿಗೇಲೆಲ್ಲ ಕಾಲು ಚಾಚ್ತಿದ್ದೀಯ,” ಅಂದ.

ನೋಟೀಸಿನ ಸುದ್ದಿಯೂ ಬೀದಿ ಸುತ್ತಿತು. ಮೇಷ್ಟ್ರು ಬಂದು ಕೊಡೆ ಮಡಚಿ ನಿಂತು, ನನಗೆ ಈಗ ನೆಲದ ಮೇಲೆ ಮಲಗುವುದೇ ಹಿತ, ಬೆನ್ನಿಗೆ ಒಳ್ಳೇದಂತೆ, ನನ್ನ ಹಾಸಿಗೆಗೆ ನೀನೇನೂ ತಲೆ ಕೆಡಿಸಿಕೊಳ್ಳಬೇಡ ಅಂದರು. ಹೆಸರು ಹೇಳಬೇಡ ಅನ್ನುವುದನ್ನು ಅವರು ಹಾಗೆ ಹೇಳಿದರು. ಮೇಷ್ಟ್ರು ಹೋದ ಮೇಲೆ ಸೊಸೆ ಬಂದಳು. ಸೆರಗನ್ನು ಕತ್ತಿನವರೆಗೂ ಸುತ್ತಿಕೊಂಡಿದ್ದಳು, ಸೆಕೆ ಇತ್ತು. ತಮ್ಮನಿಗೆ ಹೊರಗೆ ಏನೋ ಕೆಲಸ ನೆನಪಾಯಿತು. ಅವಳು ಯಂತ್ರದ ಪಕ್ಕ ನಿಂತು ಬಿಸಿಲಿನಲ್ಲಿ ನಿಂತ ಅರಳೆಯನ್ನು ಬೆರಳಿನಿಂದ ಮುಟ್ಟಲು ನೋಡಿದಳು. ಅದು ಸರಿಯಿತು.

“ಅಕ್ಕ, ಆ ಎರವಲು ಹಾಸಿಗೇಲಿ ನಂಗೆ ಕನಸೇ ಬೀಳ್ತಿಲ್ಲ,” ಅಂದಳು.

ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು ಹೋದಳು.

ಆ ಮಧ್ಯಾಹ್ನ ಅಕ್ಕ ರಾಶಿಯ ಮೇಲೆ ಒರಗಿದಾಗ ಮತ್ತೆ ಅದೇ ಬಸ್ಸು ಬಂತು. ಈ ಸಲ ಚಾಲಕನ ಸೀಟಿನಲ್ಲಿ ತೆರಿಗೆ ಸಾಹೇಬರು ವಾಲಿದ ಕುತ್ತಿಗೆಯಲ್ಲೇ ಕೂತು, ಖಾಲಿ ಸೀಟು ಯಾರದು ಅಂತ ಕೇಳುತ್ತಿದ್ದರು. ಯಾರಾದರೂ ನನ್ನದು ಅಂದರೆ ಬಸ್ಸು ಬಿಡುತ್ತೇನೆ, ಇಲ್ಲದಿದ್ದರೆ ಶೆಡ್ಡಿಗೆ. ಬೀದಿಯವರೆಲ್ಲ ರಸ್ತೆ ಬದಿಯಲ್ಲಿ ಹಾಸಿಗೆ ಸುತ್ತಿ ಬಗಲಲ್ಲಿಟ್ಟುಕೊಂಡು ನಿಂತಿದ್ದರು. ಎಲ್ಲರ ಬಾಯೊಳಗೂ ಅರಳೆ. ಅಕ್ಕ ಮಾತಾಡಬೇಕೆಂದು ಬಾಯಿ ತೆರೆದಳು, ಬಿಳಿ ಬಿಳಿಯಾಗಿ ಹೊರಗೆ ಬಂತು, ಮಾತಲ್ಲ.

ಮಾರನೆಯ ದಿನ ಅವಳು ಒಬ್ಬಳೇ ಹೋಗಿ ಸಾಹೇಬರ ಎದುರು ಕೂತಳು.

“ನಂದೇ ಸಾರ್. ಪೂರ್ತಿ ನಂದೇ.”

ಸಾಹೇಬರು ಪೆನ್ನು ಕೆಳಗಿಟ್ಟರು. “ಇದು ಸುಳ್ಳು ಅಂತ ನನಗೂ ಗೊತ್ತಾಗುತ್ತೆ ತಾಯಿ. ಆದರೆ ದುಡ್ಡು ನನ್ನದಲ್ಲ ಅನ್ನೋ ಸುಳ್ಳನ್ನ ವಿಚಾರಿಸೋದಷ್ಟೇ ನನ್ನ ಕೆಲಸ, ನನ್ನದು ಅನ್ನೋ ಸುಳ್ಳನ್ನಲ್ಲ,” ಅಂದು ಬರೆದುಕೊಂಡರು.

ಯಂತ್ರ ಹೋಯಿತು. ಹೊತ್ತುಕೊಂಡು ಹೋದವರು ಅದರ ಹಲ್ಲುಗಳಲ್ಲಿ ಸಿಕ್ಕಿಕೊಂಡಿದ್ದ ಹತ್ತಿಯನ್ನೂ ಬಿಡಿಸದೆ ಒಯ್ದರು. ಅಕ್ಕನ ಜೊತೆ ತಮ್ಮ ಮಾತು ಬಿಟ್ಟ, ಗೋಡೆಯ ಜೊತೆ ಮಾತಾಡಿ ಅವಳಿಗೆ ಕೇಳಿಸುತ್ತಿದ್ದ. ಬಿಲ್ಲು ಕೆಳಗಿಳಿಯಿತು. ಅದರ ತಂತಿಗೆ ಹೊಡೆದರೆ ಟುಂಯ್ ಅನ್ನುತ್ತದೆ, ಇಡೀ ಬೀದಿ ಆ ಸದ್ದಿಗೆ ಮಧ್ಯಾಹ್ನ ತೂಕಡಿಸಲು ಕಲಿಯಿತು.

ಕೋರ್ಟಿನಿಂದ ದುಡ್ಡು ಬಂದಾಗ ನಿಜವಾದ ಕಷ್ಟ ಶುರುವಾಯಿತು. ಪೊಲೀಸರು ತಿಂದು ಉಳಿದದ್ದು ಒಂದೇ ಕಟ್ಟು, ಅದಕ್ಕೆ ಒಂದು ರಬ್ಬರ್ ಬ್ಯಾಂಡು. ಮೂರು ಸುರುಳಿಯಲ್ಲಿ ಯಾವುದು ಎಷ್ಟು ದಪ್ಪವಿತ್ತು ಅನ್ನುವುದು ಅಕ್ಕನ ಬೆರಳಿಗೆ ಗೊತ್ತು, ಎಷ್ಟು ದುಡ್ಡಿತ್ತು ಅನ್ನುವುದು ಯಾರಿಗೆ ಗೊತ್ತು. ದಪ್ಪ ಸುರುಳಿಯಲ್ಲಿ ಸಣ್ಣ ನೋಟಿದ್ದಿರಬಹುದು. ಎಷ್ಟು ಇಟ್ಟಿದ್ದಿರಿ ಅಂತ ಹೋಗಿ ಕೇಳಿದರೆ ಅಪ್ಪನ ಕಾಲದ ಕಟ್ಟುಪಾಡು ಮುರಿಯಿತು. ಸಮನಾಗಿ ಮೂರು ಪಾಲು ಮಾಡಿದರೆ ಯಾರಿಗೂ ಯಾವುದಕ್ಕೂ ಸಾಲದು. ಅಜ್ಜಿಯ ಮೆರವಣಿಗೆ ಅರ್ಧ ದಾರಿಗೆ ನಿಲ್ಲುತ್ತದೆ, ದುರ್ಬೀನಿಗೆ ಒಂದು ಕಣ್ಣು ಬರುತ್ತದೆ, ಬಸ್ಸು ಮುಂದಿನ ನಿಲ್ದಾಣದಲ್ಲಿ ಇಳಿಸಿಬಿಡುತ್ತದೆ.

ಅಕ್ಕ ಪೂರ್ತಿ ಕಟ್ಟನ್ನು ಸೊಸೆಯ ಹಾಸಿಗೆಯ ಮೂಲೆಗೆ ಇಟ್ಟು ಹೊಲಿದಳು. ಉಳಿದೆರಡು ಹಾಸಿಗೆಗೆ ಹಳೇ ಬಟ್ಟೆಯ ಚಿಂದಿಯನ್ನು ಬಿಗಿಯಾಗಿ ಸುತ್ತಿ, ಹಿಂದಿನ ಸುರುಳಿ ಎಷ್ಟು ದಪ್ಪವಿತ್ತೋ ಅಷ್ಟೇ ಮಾಡಿ, ಅದೇ ಜಾಗಕ್ಕೆ ಇಟ್ಟು ಹೊಲಿದಳು. ದುಡಿದು ಸ್ವಲ್ಪ ಸ್ವಲ್ಪವಾಗಿ ನಿಜವಾದದ್ದನ್ನು ತುಂಬಿದರಾಯಿತು ಅಂದುಕೊಂಡಳು. ತಮ್ಮ ನೋಡಿದ. ಇಷ್ಟು ದಿನ ಬಿಟ್ಟಿದ್ದ ಮಾತು ಹೊರಗೆ ಬಂತು.

“ಅಕ್ಕ, ಅವಳು ಓಡಿಹೋಗೋಕೇ ಇಟ್ಟಿದ್ಲು ಅಂತ ನಿನಗೆ ಯಾರು ಹೇಳಿದ್ರು? ಸೀರೆಗಿರಬಹುದು. ಬಳೆಗಿರಬಹುದು. ಒಂದು ಕನಸು ನಂಬ್ಕೊಂಡು ಮುದುಕೀ ದುಡ್ಡು ಇನ್ನೊಬ್ಬಳಿಗೆ ಕೊಟ್ರೆ, ಆ ಮೀಸೆಯವನಿಗೂ ನಿನಗೂ ಏನು ವ್ಯತ್ಯಾಸ?”

ಅಕ್ಕ ದಾರ ಕಚ್ಚಿ ಕಡಿದಳು.

ಹಾಸಿಗೆಗಳು ಮನೆ ಸೇರಿದವು. ಸ್ವಲ್ಪ ದಿನಕ್ಕೆ ಸಾಬೂನಂಗಡಿಯಲ್ಲಿ ಬೆಳಬೆಳಗ್ಗೆ ಗಲಾಟೆ. ಸೊಸೆ ಇಲ್ಲ. ಹಾಸಿಗೆಯ ಒಂದು ಮೂಲೆ ಬಿಚ್ಚಿತ್ತು, ಕೋಣೆಯಲ್ಲೆಲ್ಲ ಹತ್ತಿ ತೇಲುತ್ತಿತ್ತಂತೆ, ಗಂಡ ಅದರ ನಡುವೆ ಬಾಯಿ ತೆರೆದು ನಿಂತು ಸೀನುತ್ತಿದ್ದನಂತೆ. ಅಕ್ಕನಿಗೆ ಅದನ್ನು ಕೇಳಿ ಮೈ ಹಗುರಾಯಿತು. ಒಂದೇ ದಿನ.

ಮಾರನೇ ದಿನ ಮೇಷ್ಟ್ರು ಹಾಸಿಗೆಯನ್ನು ತಾವೇ ಹೊತ್ತುಕೊಂಡು ಬಂದರು. ಮೂಲೆಯ ಹೊಲಿಗೆ ಬಿಚ್ಚಿತ್ತು. ಅಕ್ಕ ಕೈ ಹಾಕಿದಳು. ಚಿಂದಿ ಇತ್ತು, ಬಿಚ್ಚಿ ನೋಡಿ ಮತ್ತೆ ಅಚ್ಚುಕಟ್ಟಾಗಿ ಸುತ್ತಿ ಇಟ್ಟ ಚಿಂದಿ. ಅವಳು ತಲೆಯೆತ್ತಲಿಲ್ಲ.

“ಹೊಲಿಗೆ ಹೋಗಿದೆ, ಹಾಕ್ಕೊಡು,” ಅಂದರು ಮೇಷ್ಟ್ರು. “ಒಳಗಿರೋದು ಹಾಗೇ ಇರಲಿ. ತಲೆಗೆ ಮೆತ್ತಗಿದೆ.” ಅವರ ದನಿಯಲ್ಲಿ ಇದ್ದುದು ಕ್ಷಮೆಯೋ ಚುಚ್ಚುಮಾತೋ ಅಕ್ಕನಿಗೆ ಗೊತ್ತಾಗಲಿಲ್ಲ. ಹೊಲಿದ ಕೂಲಿ ಎಣಿಸಿ ಇಟ್ಟು ಹೋದರು. ಅದು ಚುಚ್ಚಿತು.

ಉಳಿದವಳು ಅಜ್ಜಿ. ಮಳೆ ಮುಗಿದ ಮೇಲೆ ಅಜ್ಜಿ ಹಾಸಿಗೆ ಬಿಟ್ಟು ಏಳಲಿಲ್ಲ. ಗಡಿಯಾರದವನು ಬಂದು, ಅಮ್ಮ ನಿಮ್ಮನ್ನ ಕರೀತಾಳೆ, ಹೊಲಿಗೆ ಸರಿ ಮಾಡ್ಬೇಕಂತೆ, ಹೊಲಿಗೆ ಚೆನ್ನಾಗೇ ಇದೆ, ಅವಳಿಗೇ ಅರಳು ಮರುಳು ಅಂದ. ಅಕ್ಕ ದಬ್ಬಳ ಹಿಡಿದು ಹೋದಳು. ಮನೆಯೊಳಗೆ ಗೋಡೆ ತುಂಬಾ ಗಡಿಯಾರ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು, ಅವುಗಳ ಟಿಕ್ ಟಿಕ್ ಒಟ್ಟಾಗಿ ಮಳೆಯ ಹಾಗೆ ಸುರಿಯುತ್ತಿತ್ತು. ಅಜ್ಜಿ ಮಗನನ್ನು ಹೊರಗೆ ಕಳಿಸಿದಳು. ಅವಳ ಕೈ ಮೂಲೆಯ ಉಬ್ಬಿನ ಮೇಲೆ ಇತ್ತು, ಮಗುವಿನ ತಲೆ ಸವರಿದಂತೆ ಸವರುತ್ತಿತ್ತು.

ಆ ಅಂಗಡಿ ಹುಟ್ಟಿದ ಮೇಲೆ ಯಾರೂ ಕೇಳದ ಮಾತನ್ನು ಅಜ್ಜಿ ಕೇಳಿದಳು.

“ಒಳಗೆ ನಾನು ಇಟ್ಟಿದ್ದೇ ಇದೆ ತಾನೇ? ನಿಜ ಹೇಳು. ಇಲ್ದಿದ್ರೆ ಈಗ್ಲೇ ಮಗನ ಹತ್ರ ಕೈ ಚಾಚಿ ನನ್ ಕೊನೇ ಖರ್ಚಿಗೆ ಒಂದು ಮಾತು ಕೇಳ್ಕೋತೀನಿ, ಕೇಳೋಕೆ ಇನ್ನೂ ಉಸಿರಿದೆ. ಇದ್ರೆ ಸುಮ್ನೆ ನಿದ್ದೆ ಮಾಡ್ತೀನಿ.”

ಇದೆ ಅಂದರೆ, ಅಜ್ಜಿ ಹೋದ ಮೇಲೆ ಮಗ ಆ ಮೂಲೆ ಬಿಚ್ಚಿದಾಗ ಚಿಂದಿ ಸಿಗುತ್ತದೆ. ಇಲ್ಲ ಅಂದರೆ, ಜೀವಮಾನವೆಲ್ಲ ಕೈಚಾಚದ ಮುದುಕಿ ಕೊನೆಯ ಗಳಿಗೆಯಲ್ಲಿ ಚಾಚುತ್ತಾಳೆ. ಅಕ್ಕ ಎರಡು ಕೈಯಿಂದ ಆ ಸುಕ್ಕಿನ ಕೈಯನ್ನು ಮುಚ್ಚಿದಳು.

“ಇದೆ ಅಜ್ಜಿ. ಎಲ್ಲಾ ಇದೆ.”

ಅಜ್ಜಿಯ ಮುಖ ಸಡಿಲವಾಯಿತು. ಕಣ್ಣು ಮುಚ್ಚಿ, ಗಡಿಯಾರಗಳ ಮಳೆಯೊಳಗೆ ಎಲ್ಲೋ ಗತ್ತಿನಿಂದ ನಡೆದುಹೋಗುತ್ತಿರುವವಳ ಹಾಗೆ ಉಸಿರಾಡತೊಡಗಿದಳು. ಅಕ್ಕ ಅಲ್ಲಿಂದ ಅಂಗಡಿಗೆ ಬಂದು ದೀಪ ಹಚ್ಚದೆ ಬಿಲ್ಲು ಕೈಗೆತ್ತಿಕೊಂಡಳು, ತಮ್ಮ ಎದುರು ಕೂತು ಹತ್ತಿ ಬಿಡಿಸಿ ಬಿಡಿಸಿ ಕೊಟ್ಟ. ಅಜ್ಜಿಯ ಉಸಿರು ನಿಲ್ಲುವ ಮೊದಲು ಆ ಮೂಲೆ ತುಂಬುವಷ್ಟು ದುಡಿಯಬೇಕು, ತುಂಬಲಾಗುವುದಿಲ್ಲ ಅಂತ ಇಬ್ಬರಿಗೂ ಗೊತ್ತು.

ಪೂರ್ತಿ ಕೇಳಿದಿರಲ್ಲ. ಈಗ ಹೇಳಿ. ಆ ಕೈ ನಿಮ್ಮ ಕೈಯೊಳಗೆ ಇದ್ದಿದ್ದರೆ, ನೀವು ಏನು ಮಾಡುತ್ತಿದ್ದಿರಿ?